ಮಗಳು ಮನೆಯಲ್ಲಿದ್ದರೆ ಹುಳು ಸಾಯುತ್ತವಂತೆ

ನಮ್ಮ ಮನೆಯಲ್ಲಿ ಎರಡು ಸಂಗತಿ ಒಂದೇ ವಾರದಲ್ಲಿ ನಡೆದರೆ ಸಾಕು, ಮೂರನೆಯದಾಗಿ ನನ್ನ ತಲೆಯ ಮೇಲೊಂದು ತಪ್ಪು ಬಂದು ಕೂರುತ್ತದೆ. ಮದುವೆಯಾಗಿ ಏಳು ವರ್ಷವಾಯಿತು, ಮಳೆ ತಪ್ಪಿದರೂ ಇದು ತಪ್ಪಿಲ್ಲ. ನಾನು ಓದಿದ್ದು ಹತ್ತನೇ ಕ್ಲಾಸು. ಲೆಕ್ಕದಲ್ಲಿ ಮೇಷ್ಟ್ರು ಕರುಣೆ ತೋರಿ ಪಾಸು ಮಾಡಿದರು. ಅಂಥವಳು ಈಗ ಕಾಲೇಜಿನ ಲೆಕ್ಕ ಕಲಿತಿದ್ದೇನೆ ಅಂದರೆ, ಓದುವ ಆಸೆಯಿಂದಲ್ಲ, ಸಿಟ್ಟಿನಿಂದ.

ಕಾಲ್ಗುಣ

ನಮ್ಮದು ದೊಡ್ಡಆಲಹಳ್ಳಿಗೆ ಹತ್ತಿರದ ಊರು. ತವರು ಚನ್ನಪಟ್ಟಣದ ಕಡೆ ಬೈರಾಪಟ್ಟಣ. ನಾನು ಹೊಸಿಲಲ್ಲಿ ಸೇರಕ್ಕಿ ಒದ್ದು ಒಳಗೆ ಬಂದ ವಾರವೇ ಬೋರ್‌ವೆಲ್ಲಿನ ಮೋಟಾರು ಸುಟ್ಟುಹೋಯಿತು. ಅದು ನನ್ನ ಗಂಡನಿಗಿಂತ ಹಳೆಯ ಮೋಟಾರು. ಊರಿನ ಅರ್ಧ ಮೋಟಾರುಗಳು ಆ ಬೇಸಿಗೆಯಲ್ಲೇ ಸುಟ್ಟವು. ಆ ಮನೆಗಳಿಗೆಲ್ಲ ನಾನು ಸೊಸೆಯಾಗಿ ಹೋಗಿರಲಿಲ್ಲ. ಆದರೂ ನಮ್ಮತ್ತೆ ಪಕ್ಕದ ಮನೆಯಾಕೆಗೆ ನನಗೆ ಕೇಳುವ ಹಾಗೆ ಹೇಳಿದರು:

"ಎಂತಾ ಕಾಲ್ಗುಣ ನೋಡು. ಈ ಕಡೆ ಕಾಲಿಟ್ಲು, ಆ ಕಡೆ ಮೋಟ್ರು ಹೋಯ್ತು."

ಮುಂದಿನ ವಾರ ಜೋರು ಮಳೆ ಬಂತು. ಕಟ್ಟೆ ತುಂಬಿತು. ಈಗಲಾದರೂ ನನ್ನ ಕಾಲಿಗೆ ಒಂದು ಒಳ್ಳೆಯ ಮಾತು ಸಿಗುತ್ತದೆ ಅಂತ ಕಾದೆ. ನಮ್ಮತ್ತೆ ಎರಡೂ ಕೈ ಮುಗಿದು, "ಮನೆದ್ಯಾವ್ರು ಕಣ್ಬುಟ್ಟ" ಅಂದರು.

ಹೊಸ ಸೊಸೆ ಬಾಯಿ ಮುಚ್ಚಿಕೊಂಡಿರಬೇಕು ಅಂತ ನಮ್ಮವ್ವ ಹೇಳಿ ಕಳಿಸಿದ್ದಳು. ಒಂದು ವಾರ ಇದ್ದೆ, ಸಾಕಾಯಿತು.

"ಅತ್ತೆ, ಮೋಟ್ರು ಸುಡೋವಾಗ ಮನೆದ್ಯಾವ್ರು ಎಲ್ಲಿಗೋಗಿದ್ದ?" ಅಂದೆ.

"ನಿನ್ನ ನೋಡಿ ಎದ್ದೋಗಿದ್ದ ಕಣಮ್ಮಿ" ಅಂದರು.

ಬೆರಳ ಮೇಲಿನ ತೀರ್ಪು

ನಮ್ಮದು ರೇಷ್ಮೆ. ಎರಡೆಕರೆ ಹಿಪ್ಪುನೇರಳೆ ಸೊಪ್ಪು, ಮನೆಗೆ ಅಂಟಿಕೊಂಡ ಹುಳು ಮನೆ. ವರ್ಷಕ್ಕೆ ಐದು ಬೆಳೆ ತೆಗೆಯುತ್ತೇವೆ. ಹುಳು ಸಾಕುವುದು ಎಂದರೆ ಹಸುಗೂಸು ಸಾಕಿದ ಹಾಗೆ. ಒದ್ದೆ ಸೊಪ್ಪು ಹಾಕುವ ಹಾಗಿಲ್ಲ, ಹತ್ತಿರದಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಹಾಕುವ ಹಾಗಿಲ್ಲ, ತಲೆಗೆ ವಾಸನೆ ಎಣ್ಣೆ ಹಚ್ಚಿಕೊಂಡು ಒಳಗೆ ಹೋಗುವ ಹಾಗಿಲ್ಲ. ನನ್ನ ಮಗಳು ಹುಟ್ಟಿದಾಗ ನನಗೆ ಸಿಗದ ಬಾಣಂತನ ಹುಳುಗಳಿಗೆ ವರ್ಷಕ್ಕೆ ಐದು ಸಲ ಸಿಗುತ್ತದೆ.

ಹೋದ ದೀಪಾವಳಿಯ ಬೆಳೆ ಕೈಕೊಟ್ಟಿತು. ಗೂಡು ಕಟ್ಟಲು ನಾಲ್ಕೇ ದಿನ ಇದ್ದಾಗ ಹುಳು ತಲೆ ಎತ್ತಿ ಒದ್ದಾಡಿ, ಹಸಿರು ನೀರು ಕಕ್ಕಿ, ತಟ್ಟೆತಟ್ಟೆಯೇ ಸತ್ತವು. ಅವನ್ನು ಗುಂಡಿಗೆ ಹಾಕಿ ಸುಣ್ಣ ಮುಚ್ಚಿ ಬಂದು ಎಲ್ಲರೂ ಜಗಲಿಯ ಮೇಲೆ ಕೂತಿದ್ದೆವು. ನಮ್ಮತ್ತೆ ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮೇಲೆ ಕಡ್ಡಿಪುಡಿ ಉದುರಿಸಿ ದವಡೆಗಿಟ್ಟುಕೊಂಡು ಬೆರಳು ಮಡಿಸತೊಡಗಿದರು.

"ಯುಗಾದಿ ಬೆಳೆ. ಮಗ ಬೈರಾಪಟ್ಣದಲ್ಲಿತ್ತು. ಬೆಳೆ ಬಂತು. ಆಮೇಲಿನ್ದು. ಮಗ ಮನೇಲಿತ್ತು. ಹೋಯ್ತು. ಗೌರಿ ಹಬ್ಬದ್ದು. ಬೈರಾಪಟ್ಣ. ಬಂತು. ಈಗಿನ್ದು. ಮನೇಲೇ ಐತೆ. ನೋಡಿದ್ರಲ್ಲ."

ಮಗ ಎಂದರೆ ನನ್ನ ಮಗಳು. ಐದು ತುಂಬುತ್ತ ಬಂದ ಹುಡುಗಿ. ಅವಳು ಆ ಹೊತ್ತಿಗೆ ಅಂಗಳದಲ್ಲಿ ಬೆಕ್ಕಿಗೆ ಲಂಗ ಉಡಿಸುತ್ತಿದ್ದಳು.

"ಜೂನ್‌ಗೆ ಅಲ್ಲೇ ಇಸ್ಕೂಲ್ಗೆ ಹಾಕ್ಬುಡಿ" ಅಂದರು ನಮ್ಮತ್ತೆ. "ಬೀಗತಿ ಸಾಕ್ಕೊಳ್ಲಿ. ಹಬ್ಬಕ್ಕೆ ಹುಣ್ಣಿಮೆಗೆ ಬಂದೋಗ್ಲಿ."

ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗು ನನ್ನ ಮನೆಗೆ ಹಬ್ಬಕ್ಕೆ ನೆಂಟರ ಹಾಗೆ ಬಂದು ಹೋಗಬೇಕಂತೆ, ಹುಳುಗಳಿಗೆ ಆಗಿಬರುವುದಿಲ್ಲ ಅಂತ. ನನ್ನ ಗಂಡನ ಮುಖ ನೋಡಿದೆ. ಅವರು ಚಪ್ಪರದ ಗಳುವನ್ನು ಎಂದೂ ನೋಡದವರ ಹಾಗೆ ನೋಡುತ್ತಿದ್ದರು.

"ಏನಂತೀರಿ?" ಅಂದೆ.

"ಅವ್ವ ಹೇಳೋದ್ರಲ್ಲೂ ಏನೋ ಒಂದು ಐತೆ."

"ಏನೈತೆ?"

"ಅದೇ ಕಣೆ, ಏನೋ ಒಂದು."

ಈ ಏನೋ ಒಂದರ ಮೇಲೆ ನನ್ನ ಮಗಳ ಬಟ್ಟೆ ಗಂಟು ಕಟ್ಟಲು ಹೊರಟಿದ್ದರು ಮಹಾನುಭಾವರು.

ತಲೆಕೂದಲಿನ ಗೆರೆ

ಒಂದು ಕಾರಣ ಸಾಲದು ಅಂತ ಇನ್ನೊಂದು ಹುಡುಕಿದರು. ಅಂಗನವಾಡಿಯಲ್ಲಿ ಮಕ್ಕಳ ತೂಕ ತೆಗೆದು ಒಂದು ಕಾರ್ಡಿನ ಮೇಲೆ ಚುಕ್ಕಿ ಇಟ್ಟುಕೊಡುತ್ತಾರೆ. ಟೀಚರು "ಮಗು ಚೆನ್ನಾಗಿದೆ" ಅಂತ ಬಾಯಿಬಿಟ್ಟು ಹೇಳಿ ಕಳಿಸಿದ್ದರು. ನನ್ನ ಗಂಡ ಆ ಕಾರ್ಡು ಹಿಡಿದು ಕೂತರು.

"ಹುಟ್ದಾಗ ಮೂರು ಕೆಜಿ. ಮೊದಲ್ನೇ ವರ್ಷ ಆರು ಕೆಜಿ ಏರವ್ಳೆ. ಆಮೇಲೆ ವರ್ಷಕ್ಕೆ ಎರಡೇ. ವರ್ಷಕ್ಕಾರು ಅಂದ್ರೂ ನಾಲ್ಕು ವರ್ಷಕ್ಕೆ ಇಪ್ಪತ್ತೇಳು ಕೆಜಿ ಆಗ್ಬೇಕಿತ್ತು. ಈ ಮನೆ ಗಾಳಿ ಅವಳಿಗೂ ಆಗ್ಬರ್ತಿಲ್ಲ ಅನ್ಸುತ್ತೆ."

ನನ್ನ ಕೈಯಲ್ಲಿ ಸೊಪ್ಪು ಕತ್ತರಿಸುವ ಕತ್ತಿ ಇತ್ತು, ಆದ್ದರಿಂದ ಬಾಯಿ ತೆರೆಯಲಿಲ್ಲ. ಮಾತಾಡಿದವಳು ನನ್ನ ನಾದಿನಿ. ಇವರ ಕೊನೆಯ ತಂಗಿ, ಕನಕಪುರದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬಂದು ಬಿ.ಕಾಂ. ಓದುತ್ತಾಳೆ. ಆ ಮನೆಯಲ್ಲಿ ನನಗೆ ದೇವರು ಕೊಟ್ಟ ಒಂದೇ ಒಂದು ಓಟು.

"ಅಣ್ಣ, ಆ ಗೆರೇನ ಹಂಗೇ ಮುಂದಕ್ಕೆ ಎಳಿ. ಇಪ್ಪತ್ತೊಂದಕ್ಕೆ ಮದ್ವೆ ಮಾಡೋವಾಗ ಎಷ್ಟಾಯ್ತಾಳೆ?"

ಇವರು ಬೆರಳಲ್ಲಿ ಗುಣಿಸಿದರು. "ನೂರಿಪ್ಪತ್ತೊಂಬತ್ತು" ಅಂದರು, ದನಿ ಸ್ವಲ್ಪ ಇಳಿದಿತ್ತು.

"ಹಸೆಮಣೆ ತಡೀತದಾ?"

ಇವರು ಕಾರ್ಡು ಮಡಿಸಿ ಜೇಬಿಗಿಟ್ಟರು. ಅವಳು ಬಿಡಲಿಲ್ಲ.

"ಚುಕ್ಕಿ ಎಲ್ಲೀ ಗಂಟ ಇದ್ದಾವೋ ಅಲ್ಲೀ ಗಂಟ ಗೆರೆ ನಂಬ್ಬೇಕು. ಆಚೆಗೆ ಎಳುದ್ರೆ ಹಿಂಗೇ ಆಗೋದು. ಈಗ ನಿನ್ನ ತಲೇನೇ ತಕೋ. ಮದ್ವೆ ಫೋಟೋದಲ್ಲಿ ತುಂಬ ಕೂದ್ಲು, ಈಗ ಅರ್ಧ. ಇದೇ ಗೆರೆ ಎಳುದ್ರೆ ಇನ್ನೇಳು ವರ್ಷಕ್ಕೆ ಪೂರಾ ಬೋಳು. ಅದ್ರಾಚೆ ಏಳು ವರ್ಷಕ್ಕೆ ನೀನು ಬೇರೆಯೋರ ಹತ್ರ ಕೂದ್ಲು ಸಾಲ ಇರ್ತೀಯ."

ಅವರೆಕಾಯಿ

ಆ ದಿನದಿಂದ ನಾನು ನಾದಿನಿಯ ಬೆನ್ನು ಬಿದ್ದೆ. ಅವಳು ಸೊಪ್ಪು ಕುಯ್ಯಲು ಬಂದರೆ ನಾನು ಪಕ್ಕದ ಸಾಲಿನಲ್ಲಿ. ಅವಳಿಗೆ ಪರೀಕ್ಷೆಗೆ ಇದೇ ಪಾಠವಂತೆ. ಎರಡು ವಸ್ತು ಒಟ್ಟಿಗೆ ಏರಿದರೆ, ಅಥವಾ ಒಂದು ಏರಿದಾಗ ಇನ್ನೊಂದು ಇಳಿದರೆ, ಅದಕ್ಕೆ ಕೋರಿಲೇಶನ್ ಅನ್ನುತ್ತಾರೆ. ಪೂರಾ ಒಟ್ಟಿಗೆ ಏರಿದರೆ ಒಂದು. ಪೂರಾ ಎದುರುಬದುರಾದರೆ ಮೈನಸ್ ಒಂದು. ಸಂಬಂಧವೇ ಇಲ್ಲದಿದ್ದರೆ ಸೊನ್ನೆ. "ನಾನು, ನಿಮ್ಮವ್ವ ಮೈನಸ್ ಒಂದು" ಅಂದೆ. ನನಗೆ ಪಾಠ ಅರ್ಥವಾಯಿತು ಅಂತ ಅವಳಿಗೂ ಅರ್ಥವಾಯಿತು.

"ಆದ್ರೆ ಅತ್ಗೆ, ಒಟ್ಟಿಗೆ ಏರಿದ್ವು ಅಂತ ಒಂದ್ರಿಂದ ಇನ್ನೊಂದು ಆಯ್ತು ಅನ್ನಂಗಿಲ್ಲ. ಈಗ ನೋಡಿ, ಸಂತೆಗೆ ಅವರೆಕಾಯಿ ಯಾವಾಗ ಬರುತ್ತೆ? ಎಲ್ಲರ ತುಟಿ ಯಾವಾಗ ಒಡೆಯುತ್ತೆ?"

"ಎರಡೂ ಈಗ್ಲೇ."

"ಅವರೆಕಾಯಿ ತಿಂದು ತುಟಿ ಒಡೀತಾ?"

"ಚಳಿಗೆ ಒಡೀತು. ಅವರೆಕಾಯೂ ಚಳಿಗೇ ಬಂತು."

"ಅಷ್ಟೇ. ಮೂರನೇದೊಂದು ಹಿಂದೆ ನಿಂತ್ಕೊಂಡು ಎರಡನ್ನೂ ಕುಣಿಸ್ತಿರುತ್ತೆ."

ಇಷ್ಟು ಸಣ್ಣ ಮಾತು ನನ್ನ ಮದುವೆಯ ದಿನ ಯಾರಾದರೂ ಹೇಳಿದ್ದರೆ ನನ್ನ ಆಯಸ್ಸು ಹತ್ತು ವರ್ಷ ಉಳಿಯುತ್ತಿತ್ತು. ಬದುವಿನ ಆಚೆ ಸೊಪ್ಪಿನ ಹೊರೆ ಕಟ್ಟುತ್ತಿದ್ದ ನಮ್ಮತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಸೊಂಟ ನೆಟ್ಟಗೆ ಮಾಡಿ ನಿಂತು ಅಂದರು:

"ನಾನು ಬಡ್ಕೊಂಡೆ. ಅವರೆಕಾಯಿ ಜಾಸ್ತಿ ತಿನ್ಬ್ಯಾಡಿ, ತುಟಿ ಒಡೀತದೆ ಅಂತ. ಕಾಲೇಜಲ್ಲೂ ಅದ್ನೇ ಹೇಳವ್ರಲ್ಲ."

ಹಿಸುಕಿಟ್ಟಿದ್ದ ಅವರೆಬೇಳೆಯನ್ನು ಆ ಸಂಜೆ ಪಕ್ಕದ ಮನೆಗೆ ಕೊಟ್ಟರು. ನಮಗೆ ಹುರುಳಿ ಸಾರು.

ಕುಂಕುಮ ಇಟ್ಟ ಗ್ರಾಫು

ಬಾಯಿ ಮಾತು ಸಾಕು, ಚುಕ್ಕಿ ಇಟ್ಟೇ ತೋರಿಸೋಣ ಅಂತ ಹೊರಟೆ. ನನಗೊಂದು ಅಭ್ಯಾಸ ಇದೆ. ಹುಳು ಮನೆಗೆ ಬಂದ ದಿನ, ಗೂಡು ಬಿಡಿಸಿದ ದಿನ, ಎಷ್ಟು ಮೊಟ್ಟೆಗೆ ಎಷ್ಟು ಕೆಜಿ ಗೂಡು ಬಂತು, ಮಗಳು ತವರಿಗೆ ಹೋದದ್ದು, ಬಂದದ್ದು, ಎಲ್ಲವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ಎರಡು ವರ್ಷದ ಹಳೆಯ ಕ್ಯಾಲೆಂಡರುಗಳನ್ನೂ ಬೀರುವಿನ ಮೇಲಿಂದ ಇಳಿಸಿದೆ. ನಾದಿನಿ ಗ್ರಾಫ್ ಹಾಳೆ ತಂದಳು. ಅಡ್ಡಕ್ಕೆ ಆ ಬೆಳೆಯಲ್ಲಿ ಮಗಳು ಮನೆಯಲ್ಲಿದ್ದ ದಿನ. ಉದ್ದಕ್ಕೆ ನೂರು ಮೊಟ್ಟೆಗೆ ಬಂದ ಗೂಡು. ಒಂದು ಚಿಟ್ಟೆ ಇಟ್ಟದ್ದಷ್ಟನ್ನೂ ಸೇರಿಸಿ ನಾವು ಒಂದು ಮೊಟ್ಟೆ ಅನ್ನುತ್ತೇವೆ. ನಾನು ಓದುತ್ತಾ ಹೋದೆ, ಅವಳು ಚುಕ್ಕಿ ಇಡುತ್ತಾ ಹೋದಳು. ಚುಕ್ಕಿಗಳ ಮಧ್ಯೆ ಎಲ್ಲಕ್ಕೂ ಆದಷ್ಟು ಹತ್ತಿರ ಬರುವ ಹಾಗೆ ಒಂದು ಗೆರೆ ಎಳೆಯಬೇಕು, ಅದಕ್ಕೆ ರಿಗ್ರೆಶನ್ ಅನ್ನುತ್ತಾರೆ ಅಂದಳು. ಎಳೆದಳು. ಎಳೆದವಳು ಪೆನ್ಸಿಲ್ ಕೆಳಗಿಟ್ಟಳು.

ಗೆರೆ ಜಾರುಬಂಡೆಯ ಹಾಗೆ ಎಡಗಡೆ ಮೇಲಿಂದ ಬಲಗಡೆ ಕೆಳಕ್ಕೆ ಇಳಿದಿತ್ತು. ಮಗಳು ಮನೆಯಲ್ಲಿದ್ದ ದಿನ ಹೆಚ್ಚಿದಷ್ಟೂ ಗೂಡು ಕಡಿಮೆ.

"ಅತ್ಗೆ..." ಅಂದಳು. "ಮೈನಸ್ ಒಂದಕ್ಕೆ ತೀರಾ ಹತ್ರ ಐತೆ."

ನನಗೆ ಅಳು ಬರಲಿಲ್ಲ, ಉರಿ ಬಂತು. ಮನುಷ್ಯರು ನಮ್ಮತ್ತೆಯ ಕಡೆ ಸೇರುವುದು ನನಗೆ ರೂಢಿ. ಲೆಕ್ಕವೂ ಸೇರಿತಲ್ಲ. ಹಾಳೆಯನ್ನು ಮಡಿಸಿ ಒಲೆಗೆ ಹಾಕೋಣ ಅನ್ನುವಷ್ಟರಲ್ಲಿ ನಮ್ಮತ್ತೆ ಬಂದರು. ಓದು ಬಾರದವರು, ಆದರೆ ಇಳಿಯುವ ಗೆರೆಯನ್ನು ಗುರುತಿಸಲು ಓದು ಬೇಕಿಲ್ಲ.

"ಇದೇನು?"

ನಾದಿನಿ ಸುಳ್ಳು ಹೇಳಲು ಬಾರದ ಹುಡುಗಿ, ಇದ್ದದ್ದು ಇದ್ದ ಹಾಗೆ ಹೇಳಿದಳು. ನಮ್ಮತ್ತೆ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಹೋದರು. ಹಿಂದೆಯೇ ಹೋಗಿ ನೋಡಿದರೆ, ಗ್ರಾಫಿನ ನಾಲ್ಕು ಮೂಲೆಗೂ ಅರಿಸಿನ ಕುಂಕುಮ ಇಟ್ಟು ದೇವರ ಗೂಡಿನಲ್ಲಿ ನಿಲ್ಲಿಸಿ ಊದುಬತ್ತಿ ಬೆಳಗುತ್ತಿದ್ದರು.

ಒಂದೇ ಚುಕ್ಕಿ, ಎರಡು ಹೆಸರು

ಆ ವಾರ ನಾನು ಯಾರ ಜೊತೆಯೂ ಮಾತಾಡಲಿಲ್ಲ. ಪಾತ್ರೆಗಳು ಮಾತಾಡಿದವು. ಮಗಳ ತಲೆ ಬಾಚುತ್ತಿದ್ದಾಗ ಅವಳೇ ಕೇಳಿದಳು:

"ಅವ್ವ, ಇಸ್ಕೂಲ್ಗೆ ಹೋಗೋವಾಗ್ಲೂ ಅಜ್ಜಿ ಬಸ್ಸಲ್ಲಿ ಕಿಟ್ಕಿ ಸೀಟು ಕೊಡಲ್ವಾ?"

"ಯಾಕೆ ಕೊಡಲ್ಲ?"

"ಯಾವಾಗ್ಲೂ ಅಜ್ಜಿನೇ ಕೂತ್ಕತ್ತದೆ. ಉಗೀಬೇಕಂತೆ. ನನ್ನ ಬೈರಾಪಟ್ಣದಲ್ಲಿ ಇಳಿಸ್ಬುಟ್ಟು ಮಾಗಡಿಗೆ ಹೋಯ್ತದೆ."

ಬಾಚಣಿಗೆ ಅಲ್ಲೇ ನಿಂತಿತು. ಮಾಗಡಿಯಲ್ಲಿರುವುದು ನನ್ನ ಗಂಡನ ಅಕ್ಕ. ಕೆಲಸ ಹೆಚ್ಚಿರುವ ಬೆಳೆಗೆ ಸರಿಯಾಗಿ ನಮ್ಮತ್ತೆಗೆ ಮಂಡಿ ನೋವು ಬರುತ್ತದೆ. ಮಂಡಿ ನೋವು ಬಂದರೆ ಮಗಳ ಮನೆಗೆ ಹೊರಡುತ್ತಾರೆ. ಹೊರಡುವಾಗ, ನನಗೆ ಕೈ ಬಿಡುವಾಗಲಿ ಅಂತ ಮಗುವನ್ನು ಬೈರಾಪಟ್ಟಣದಲ್ಲಿ ಬಿಡುತ್ತಾರೆ. ಗೂಡು ಬಿಡಿಸಿದ ಮೇಲೆ ಅದೇ ದಾರಿಯಲ್ಲಿ ಕರೆದುಕೊಂಡು ಬರುತ್ತಾರೆ. ಮಗಳು ಇಲ್ಲದ ದಿನಗಳೆಲ್ಲ ಅತ್ತೆಯೂ ಇಲ್ಲದ ದಿನಗಳೇ.

ಅರ್ಧ ಹೆಣೆದ ಜಡೆಯನ್ನು ಬಿಟ್ಟು ನಾದಿನಿಯ ಹತ್ತಿರ ಓಡಿದೆ. ಅವಳು ಕಣ್ಣು ಅಗಲಿಸಿ ಕೇಳಿದಳು.

"ಹಂಗಾದ್ರೆ ಅತ್ಗೆ, ಗ್ರಾಫಲ್ಲಿ ಮಗು ಹೆಸರು ಒರೆಸಿ ಅವ್ವನ ಹೆಸರು ಬರುದ್ರೂ ಚುಕ್ಕಿ ಒಂದೂ ಅಲ್ಲಾಡಲ್ಲ. ಇಬ್ರೂ ಒಟ್ಟಿಗೇ ಹೋಗಿ ಒಟ್ಟಿಗೇ ಬಂದ್ರೆ ಯಾರ ದೆಸೆಯಿಂದ ಅಂತ ಗೆರೆ ಹೇಳಲ್ಲ."

"ಕಡ್ಡಿಪುಡಿ ಹೇಳುತ್ತೆ" ಅಂದೆ.

ಕಡ್ಡಿಪುಡಿ ಹೊಗೆಸೊಪ್ಪಿನದೇ ಪುಡಿ, ಹುಳುವಿಗೆ ಹೊಗೆಸೊಪ್ಪು ವಿಷ. ರೇಷ್ಮೆ ಇಲಾಖೆಯವರು ಬಂದಾಗಲೆಲ್ಲ ಹೇಳುವ ಮಾತು: ಬೀಡಿ ಕೈ, ಕಡ್ಡಿಪುಡಿ ಕೈ ಸೊಪ್ಪಿಗೆ ತಾಗಬಾರದು. ನಮ್ಮತ್ತೆ ತಲೆಯಾಡಿಸುತ್ತಾರೆ, ಅವರು ಬೈಕು ಹತ್ತಿದ ಮೇಲೆ "ಕಡ್ಡಿಪುಡಿ ಹೊಗೆಸೊಪ್ಪಲ್ಲ, ಔಷ್ದಿ" ಅನ್ನುತ್ತಾರೆ. ಅದೇ ಬೆರಳಲ್ಲಿ ಸೊಪ್ಪು ಹರಡುತ್ತಾರೆ. ಹುಳು ತಲೆ ಎತ್ತಿ ಹಸಿರು ಕಕ್ಕುತ್ತದೆ. ಆಮೇಲೆ ಬೆರಳು ಮಡಿಸಿ ನನ್ನ ಮಗಳನ್ನು ಎಣಿಸುತ್ತಾರೆ.

ಇದನ್ನು ಗಂಡನಿಗೆ ಹೇಳಿದೆ. ಪೂರಾ ಕೇಳಿದರು. ಸರಿ ಅನ್ನಿಸಿತು ಅಂತ ಮುಖದಲ್ಲೇ ಕಂಡಿತು.

"ಹೋಗಿ ಅವ್ವಂಗೆ ಹೇಳಿ" ಅಂದೆ.

"ನಂಗೆ ಒಸಿ ಸೊಪ್ಪಿನ ಕೆಲಸ ಐತೆ" ಅಂತ ಹೊಲದ ಕಡೆ ಹೊರಟರು. ಹೊರೆ ಕಟ್ಟುವ ಹಗ್ಗ ಗೂಟದಲ್ಲೇ ನೇತಾಡುತ್ತಿತ್ತು.

ಬೇರೆ ಮಾಡಿ ನೋಡುವುದು

ನಾನೇ ಹೇಳಿದೆ. ಶಿವರಾತ್ರಿ ಕಳೆದು ಹೊಸ ಬೆಳೆ ತರುವ ಹೊತ್ತು.

"ಅತ್ತೆ, ನೀವೂ ಮಗೂ ಯಾವಾಗ್ಲೂ ಒಟ್ಟಿಗೇ ಹೋಗಿದ್ದೀರಿ. ಈ ಸಲ ಬೇರೆ ಮಾಡಿ ನೋಡಾಣ. ಮಗು ಇಲ್ಲಿರ್ಲಿ, ನೀವು ಮಾಗಡಿಗೆ ಹೋಗಿ. ಬೆಳೆ ಹೋದ್ರೆ ಜೂನ್ ತನಕ ಕಾಯೋದ್ಬ್ಯಾಡ, ಮಾರನೇ ದಿನ ನಾನೇ ಬೈರಾಪಟ್ಣಕ್ಕೆ ಬುಟ್ಟು ಬತ್ತೀನಿ."

"ಬೆಳೆ ಬಂದ್ರೆ?"

"ಬಂದ್ರೆ ಇಲ್ಲೇ ಇಸ್ಕೂಲು. ಆ ಮಾತು ಮತ್ತೆ ಎತ್ತಂಗಿಲ್ಲ."

ಕಡ್ಡಿಪುಡಿಯ ಮಾತನ್ನು ಬೇಕೆಂದೇ ಆಡಲಿಲ್ಲ. ಆಡಿದ್ದರೆ ಹೋಗುತ್ತಿರಲಿಲ್ಲ, ಹುಳು ಮನೆಯ ಬಾಗಿಲಲ್ಲೇ ಚಾಪೆ ಹಾಸುತ್ತಿದ್ದರು. ಗೆಲ್ಲುವುದು ಖಾತ್ರಿ ಅಂತ ನಮ್ಮತ್ತೆ ಚೀಲ ತುಂಬಿದರು. "ಹುಳ ಸತ್ಮೇಲೆ ನನ್ನ ಕರೀಬ್ಯಾಡಿ" ಅಂತ ಹೇಳಿ ಬಸ್ಸು ಹತ್ತಿದರು.

ನಾನು ಹುಳು ಮನೆಯನ್ನು ನೆಲದಿಂದ ಸೂರಿನ ತನಕ ತೊಳೆದೆ. ಬಾಗಿಲಲ್ಲಿ ಸೋಪು ನೀರು ಇಟ್ಟೆ. ಸಿಟ್ಟಿನಲ್ಲಿ ತೊಳೆದರೆ ಎಷ್ಟು ಚೊಕ್ಕಟವಾಗುತ್ತದೆ ಅಂತ ಆ ದಿನ ಗೊತ್ತಾಯಿತು. ಮಗಳು ದಿನವೂ ನನ್ನ ಜೊತೆ ಒಳಗೆ ಬಂದಳು, ಕೈ ತೊಳೆದು, ಒಂದೊಂದೇ ಎಲೆ ಹಾಕಿದಳು. ಹೊರಗೆ ನಗುತ್ತಿದ್ದೆ. ಒಳಗೆ ಅವಳ ಬಟ್ಟೆಗಳನ್ನು ಎಷ್ಟು ಚೀಲಕ್ಕೆ ತುಂಬಬೇಕಾಗುತ್ತದೋ ಅಂತ ಲೆಕ್ಕ ಹಾಕುತ್ತಿದ್ದೆ.

ಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಆಗ ಅವು ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿ ಅಲ್ಲಾಡದೆ ಕೂರುತ್ತವೆ. ನಾಲ್ಕನೇ ಜ್ವರದ ಬೆಳಿಗ್ಗೆ ನನ್ನ ಗಂಡ ಒಳಗಿಂದ ಓಡಿ ಬಂದರು.

"ಎಲ್ಲ ತಲೆ ಎತ್ತವೆ ಕಣೆ. ಹೋಯ್ತು. ನಿಮ್ಮವ್ವಂಗೆ ಫೋನ್ ಮಾಡು, ಮಗ ಬತ್ತದೆ ಅಂತ."

ಒಳಗೆ ಹೋಗಿ ನೋಡಿದೆ. ಹಸಿರಿಲ್ಲ, ಒದ್ದಾಟವಿಲ್ಲ, ಧ್ಯಾನಕ್ಕೆ ಕೂತ ಹಾಗೆ ಕೂತಿವೆ.

"ಅಪ್ಪ, ಹುಳಕ್ಕೆ ಜ್ವರ ಬಂದೈತೆ ಕಣಪ್ಪ, ಸದ್ದು ಮಾಡ್ಬ್ಯಾಡ" ಅಂದಳು ಮಗಳು.

ಇಪ್ಪತ್ತು ವರ್ಷ ಹುಳು ಸಾಕಿದವರಿಗೆ ಅಂಗನವಾಡಿಯ ಮಗು ಪಾಠ ಹೇಳಿತು. ಅವರು ಹೊರಗೆ ಹೋಗಿ ಚಪ್ಪರದ ಗಳು ನೋಡುತ್ತಾ ನಿಂತರು.

ಹರಕೆ

ಬೆಳೆ ಬಂತು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ತುಂಬ ಗೂಡು, ಬೆರಳಿಟ್ಟರೆ ಗಟ್ಟಿ. ಒಂದು ಚುಕ್ಕಿಯಿಂದ ಗೆರೆ ಆಗುವುದಿಲ್ಲ ಅಂತ ನಾದಿನಿ ಎಚ್ಚರಿಸಿದಳು, ಇನ್ನೂ ನಾಲ್ಕು ಬೆಳೆ ಹೀಗೇ ನೋಡಬೇಕಂತೆ. ನನಗೂ ಗೊತ್ತು. ಆದರೆ ನಮ್ಮ ಒಪ್ಪಂದ ಒಂದು ಚುಕ್ಕಿಗೇ ಆಗಿತ್ತು.

ನಮ್ಮತ್ತೆ ಬಂದರು. ಚಂದ್ರಿಕೆಯ ಮುಂದೆ ನಿಂತು ಗೂಡು ಕಿತ್ತು ಕಿವಿಯ ಹತ್ತಿರ ಅಲ್ಲಾಡಿಸಿದರು. ಇನ್ನೊಂದು ಕಿತ್ತರು. ಏಳು ವರ್ಷಕ್ಕೆ ಮೊದಲ ಸಲ ಅವರ ಬಾಯಲ್ಲಿ "ನನ್ನ ತಪ್ಪು" ಅನ್ನುವ ಮಾತು ಬರುತ್ತದೆ ಅಂತ ನಾನು ಸೆರಗು ಸಿಕ್ಕಿಸಿಕೊಂಡು ನಿಂತೆ.

"ಬೆಳೆ ಬರ್ದೆ ಇರ್ತದಾ" ಅಂದರು. "ಮಾಗಡೀಲಿ ದಿನಾ ಬೆಳಿಗ್ಗೆ ತಣ್ಣೀರು ಸ್ನಾನ ಮಾಡಿ ಹರಕೆ ಹೊತ್ತಿದ್ದೆ. ನಾನು ಅಲ್ಲಿ ಕೂತ್ಕೊಂಡು ಕಾಪಾಡ್ದೆ."

ನನ್ನ ಬಾಯಿ ತೆರೆಯಿತು. ನಾದಿನಿ ಹಿಂದಿನಿಂದ ತೊಡೆಗೆ ಚಿವುಟಿ ಕಿವಿಯಲ್ಲಿ ಅಂದಳು: "ಸುಮ್ಕಿರಿ ಅತ್ಗೆ. ಹರಕೆಯಿಂದ್ಲೇ ಬಂತು ಅಂದ್ಕೊಂಡ್ರೆ ಪ್ರತಿ ಬೆಳೆಗೂ ಮಾಗಡಿಗೆ ಹೋಯ್ತಾರೆ."

ನುಂಗಿದೆ. ಹುಟ್ಟಿದಂದಿನಿಂದ ನಾನು ನುಂಗಿದ ಮಾತು ಅದೊಂದೇ, ಅದು ಇನ್ನೂ ಅರಗಿಲ್ಲ. ಮಗಳು ಇದೇ ಊರಿನ ಶಾಲೆಗೆ ಸೇರಿದಳು. ಹೊಸ ಚೀಲ ಬೆನ್ನಿಗೆ ಹಾಕಿಕೊಂಡು ಹೋಗುತ್ತಾಳೆ, ಮಧ್ಯಾಹ್ನ ಮನೆಗೆ ಬರುತ್ತಾಳೆ. ನಮ್ಮತ್ತೆ ಆಮೇಲಿನ ಎರಡು ಬೆಳೆಗೂ ಭಕ್ತಿಯಿಂದ ಮಾಗಡಿಗೆ ಹೋದರು. ಎರಡೂ ಬಂದವು.

ಹೋದ ವಾರ ಮಾಗಡಿಯಿಂದ ಫೋನು. ನನ್ನ ಗಂಡನ ಅಕ್ಕ, ದನಿ ತಗ್ಗಿಸಿ ಮಾತಾಡುತ್ತಿದ್ದರು. ಅತ್ತೆ ಇನ್ನೂ ಅಲ್ಲಿಂದ ಹೊರಟಿರಲಿಲ್ಲ, ಎಲ್ಲೋ ಹತ್ತಿರವೇ ಇದ್ದರು ಅಂತ ಕಾಣುತ್ತದೆ.

"ಏನಮ್ಮಿ, ನಿಮ್ಮನೇಲಿ ಏನೋ ಚುಕ್ಕಿ ಇಟ್ಟು ಲೆಕ್ಕ ಹಾಕ್ತೀರಂತೆ. ಒಸಿ ನಮ್ದೂ ಹಾಕ್ಕೊಡು. ಅವ್ವ ಬಂದಾಗ್ಲೆಲ್ಲ ನಮ್ಮ ಹಸ ಹಾಲು ಇಳಿಸ್ತದೆ. ಮೂರು ಸಲ ನೋಡ್ದೆ. ಮುಂದಿನ ಬೆಳೆಗೆ ಬೇರೆ ಮಾಡಿ ನೋಡಾಣ. ಅವ್ವನ ನೀವೇ ಇಟ್ಕಳಿ, ಮಗೀನ ಇಲ್ಲಿಗೆ ಕಳ್ಸಿ."

"ಅಕ್ಕ, ಮಗು ಎಲ್ಲೂ ಬರಲ್ಲ, ಇಸ್ಕೂಲ್ಗೆ ಸೇರಾಯ್ತು" ಅಂದೆ. "ಅಷ್ಟು ಕಷ್ಟ ಆದ್ರೆ ನಿಮ್ಮ ಹಸೀನೇ ಬೈರಾಪಟ್ಣಕ್ಕೆ ಹೊಡ್ದುಬುಡಿ. ಅಲ್ಲಿ ನಮ್ಮವ್ವ ಹೆಂಗೂ ಸಾಕೋಕೆ ರೆಡಿಯಾಗಿ ಕೂತವ್ಳೆ."